ಮುಖವಾಡದ ಹಿಂದೆ ಯಾರು? ಐಗಳಿಯ ಮಕ್ಕಳು ನಡೆಸಿದ ಫ್ಯಾಂಟಮ್ ತನಿಖೆ

ಒಬ್ಬ ಮನುಷ್ಯ 1936ರಿಂದ ದಿನಪತ್ರಿಕೆ, ವಾರಪತ್ರಿಕೆ, ಕಾಮಿಕ್ಸ್ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇದ್ದಾನೆ. ಆದರೆ ಅವನ ಮುಖ ಹೇಗಿದೆ ಎಂದು ಓದುಗರಿಗೆ ಇವತ್ತಿಗೂ ಗೊತ್ತಿಲ್ಲ. ಕಾಡಿನಲ್ಲಿದ್ದರೆ ಕಣ್ಣಿಗೆ ಕಪ್ಪು ಮುಖವಾಡ. ಪಟ್ಟಣಕ್ಕೆ ಬಂದರೆ ಕರಿ ಕನ್ನಡಕ, ತಲೆಗೆ ಹ್ಯಾಟು, ಮೈಮೇಲೆ ಉದ್ದನೆಯ ಕೋಟು. ಹೆಂಡತಿ ಡಯಾನಾ ಅವನ ಮುಖ ನೋಡಿದ್ದಾಳೆ. ಅವಳಿ ಮಕ್ಕಳಾದ ಕಿಟ್ ಮತ್ತು ಹೆಲೊಯಿಸ್ ನೋಡಿದ್ದಾರೆ. ನಾವು ಮಾತ್ರ ನೋಡಿಲ್ಲ. ಅವನು ಮುಖವಾಡ ತೆಗೆದನೆಂದರೆ ಚಿತ್ರಕಾರ ಬೆನ್ನನ್ನೋ ನೆರಳನ್ನೋ ಬರೆದು ಜಾರಿಕೊಳ್ಳುತ್ತಾನೆ.

ಅವನೇ ಫ್ಯಾಂಟಮ್, ನಡೆದಾಡುವ ಭೂತ. ನಿಮ್ಮ ಮನೆಯಲ್ಲಿ ಐವತ್ತು ದಾಟಿದವರು ಯಾರಾದರೂ ಇದ್ದರೆ ಕೇಳಿ ನೋಡಿ. ಅವನ ಕುದುರೆಯ ಹೆಸರು ಹೀರೋ, ನಾಯಿಯ ಹೆಸರು ಡೆವಿಲ್ ಎಂದು ಥಟ್ಟನೆ ಹೇಳುತ್ತಾರೆ. ಡೆವಿಲ್ ನಾಯಿಯಲ್ಲ, ತೋಳ. ಇದನ್ನು ತಿದ್ದುವ ಸಂತೋಷ ಮಕ್ಕಳಿಗಿರಲಿ.

ಮುಖವೇ ಕಾಣದವನ ಹಿಂದಿನ ಬದುಕಿನ ಬಗ್ಗೆ ಓದುಗರು ಸುಮ್ಮನಿರುತ್ತಾರೆಯೇ? ಅವನು ನಿಜವಾಗಿ ಯಾರು, ಎಲ್ಲಿಂದ ಬಂದ, ಅವನ ಕಾಡು ಯಾವ ದೇಶದಲ್ಲಿದೆ, ಅವನಿಗೆ ಸಾವಿಲ್ಲವೇ? ಹೀಗೆ ಜಗತ್ತಿನ ನಾನಾ ಕಡೆ ಅಭಿಮಾನಿಗಳು ತಲೆಗೊಂದು ವಾದ ಕಟ್ಟಿದ್ದಾರೆ. ಅಥಣಿ ತಾಲ್ಲೂಕಿನ ನಮ್ಮ ಐಗಳಿಯೂ ಇದರಲ್ಲಿ ಹಿಂದೆ ಬಿದ್ದಿಲ್ಲ. ನಾನು ದ್ರಾಕ್ಷಿ ಬೆಳೆಯುವವನು. ಮನೆಯಲ್ಲಿ ಒಂದು ತಗಡಿನ ಟ್ರಂಕಿನ ತುಂಬ ಹಳೆಯ ಇಂದ್ರಜಾಲ ಕಾಮಿಕ್ಸ್ ಇವೆ. ಪ್ರತಿ ಬೇಸಿಗೆ ರಜೆಯಲ್ಲಿ ಅಣ್ಣನ ಮಗಳು ಮತ್ತು ಅವಳ ಗೆಳೆಯರ ದಂಡು ಆ ಟ್ರಂಕಿಗೆ ಮುತ್ತಿಗೆ ಹಾಕುತ್ತದೆ. ಅವರು ಓದಿ ಸುಮ್ಮನೆ ಎದ್ದು ಹೋಗುವವರಲ್ಲ. ವಕೀಲರ ಹಾಗೆ ಪ್ರಶ್ನೆ ಹಾಕುತ್ತಾರೆ.

ಕಥೆಯಲ್ಲಿರುವುದು ಇಷ್ಟು

ವಾದಕ್ಕೆ ಮೊದಲು ಕಥೆ ಏನು ಹೇಳುತ್ತದೆ ಎಂದು ನೋಡಿಬಿಡೋಣ. 1536ರಲ್ಲಿ ಒಂದು ಹಡಗಿನ ಮೇಲೆ ಕಡಲ್ಗಳ್ಳರು ದಾಳಿ ಮಾಡುತ್ತಾರೆ. ಹಡಗಿನ ಕಪ್ತಾನ ಸಾಯುತ್ತಾನೆ. ಅವನ ಮಗ ಕಿಟ್ ವಾಕರ್ ಒಬ್ಬನೇ ಬದುಕುಳಿದು ದಡ ಸೇರುತ್ತಾನೆ. ಕಾಡಿನ ಕುಳ್ಳ ಜನರಾದ ಬಾಂಡಾರರು ಅವನನ್ನು ಕಾಪಾಡುತ್ತಾರೆ. ತಂದೆಯನ್ನು ಕೊಂದವನ ತಲೆಬುರುಡೆಯನ್ನು ಮುಟ್ಟಿ ಅವನು ಆಣೆ ಮಾಡುತ್ತಾನೆ: ಕಡಲ್ಗಳ್ಳತನ, ಅನ್ಯಾಯ, ಕ್ರೌರ್ಯಗಳ ವಿರುದ್ಧ ತಾನು ಮಾತ್ರವಲ್ಲ, ತನ್ನ ಮಗ, ಮೊಮ್ಮಗ, ಮರಿಮಗ ಎಲ್ಲರೂ ಹೋರಾಡಬೇಕು. ಅಂದಿನಿಂದ ತಂದೆ ಸತ್ತರೆ ಮಗ ಅದೇ ವೇಷ ತೊಡುತ್ತಾನೆ. ಹೊರಗಿನವರಿಗೆ ಅವನು ಸಾವಿಲ್ಲದವನಂತೆ ಕಾಣುತ್ತಾನೆ. ನಾವು ಓದುವವನು 21ನೆಯವನು.

ಇಷ್ಟು ಕೇಳಿದ ಕೂಡಲೇ ಪಕ್ಕದ ಮನೆಯ ಹುಡುಗ ಬೆರಳು ಮಡಚಿ ಲೆಕ್ಕ ಹಾಕಿದ. ಕಾಮಿಕ್ಸ್ ಶುರುವಾದದ್ದು 1936ರ ಫೆಬ್ರವರಿ 17ರಂದು. 1536ರಿಂದ 400 ವರ್ಷ. ಅಷ್ಟರಲ್ಲಿ 20 ಫ್ಯಾಂಟಮ್‌ಗಳು ಮುಗಿದಿದ್ದಾರೆ. ಅಂದರೆ ಒಬ್ಬೊಬ್ಬನ ಪಾಲಿಗೆ ಸರಾಸರಿ 20 ವರ್ಷ.

"ಅಂದ್ರ ಬಾಳ ದಿನ ಬದಕಾಂಗಿಲ್ಲ ಕಾಕಾ, ಪಾಪ. ಮತ್ತ ಈ 21ನೇದವ ಹೆಂಗ ಇಷ್ಟ ವರ್ಷ ನಡಸ್ಯಾನ? ಇಂವಾ ಒಬ್ಬನ ಅಲ್ಲ, ನಡುವ ಒಬ್ಬಂವ ಸತ್ತಾನ. ನಮಗ ಹೇಳಿಲ್ಲ!"

ಹತ್ತು ವರ್ಷದ ಹುಡುಗನ ವಾದ. ತೆಗೆದು ಹಾಕುವುದು ಸುಲಭವಲ್ಲ. 21ನೆಯ ಫ್ಯಾಂಟಮ್ ಡಯಾನಾಳನ್ನು ಮದುವೆಯಾದದ್ದು 1977ರಲ್ಲಿ, ಅಂದರೆ ಕಾಮಿಕ್ಸ್ ಶುರುವಾಗಿ 41 ವರ್ಷಗಳ ಮೇಲೆ. ಅಷ್ಟಾದರೂ ಮದುವೆಯ ಚಿತ್ರದಲ್ಲಿ ವರನಿಗೆ ಒಂದು ಸುಕ್ಕೂ ಇಲ್ಲ. ಚಿತ್ರಕಥೆಯ ಲೋಕದಲ್ಲಿ ಕ್ಯಾಲೆಂಡರ್ ಬೇರೆ, ಅಲ್ಲಿ ಯಾರಿಗೂ ಬೇಗ ವಯಸ್ಸಾಗುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ.

ಮಿರಜಿನ ವೇತಾಳ, ಅಥಣಿಯ ಫ್ಯಾಂಟಮ್

ಭಾರತದಲ್ಲಿ ಫ್ಯಾಂಟಮ್ ಮನೆಮಾತಾದದ್ದು ಇಂದ್ರಜಾಲ ಕಾಮಿಕ್ಸ್‌ನಿಂದ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಇದನ್ನು ಆರಂಭಿಸಿತು. ಆಗ ಆ ಸಂಸ್ಥೆಯಲ್ಲಿದ್ದು ಈ ಕೆಲಸದಲ್ಲಿ ಕೈಜೋಡಿಸಿದವರಲ್ಲಿ ನಮ್ಮ ಕಾರ್ಕಳದ ಅನಂತ ಪೈ ಅವರೂ ಒಬ್ಬರು. ಮುಂದೆ ಅಮರ ಚಿತ್ರಕಥೆಯಿಂದ ಅವರು ದೇಶದ ಮಕ್ಕಳಿಗೆಲ್ಲ 'ಅಂಕಲ್ ಪೈ' ಆದರು. ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿ ಶುರುವಾದ ಇಂದ್ರಜಾಲ ಮುಂದೆ ಕನ್ನಡದಲ್ಲೂ ಬಂತು.

ನಮ್ಮದು ಗಡಿನಾಡು. ಉತ್ತರಕ್ಕೆ ಹೋದರೆ ಜತ್ತ, ಪಶ್ಚಿಮಕ್ಕೆ ಹೋದರೆ ಮಿರಜ. ಅಪ್ಪ ಅಥಣಿಗೆ ಹೋದರೆ ಕನ್ನಡದ ಸಂಚಿಕೆ ತರುತ್ತಿದ್ದರು, ಮಿರಜಿಗೆ ಹೋದರೆ ಮರಾಠಿಯದು. ಕನ್ನಡದಲ್ಲಿ ಇವನು ಫ್ಯಾಂಟಮ್, ಮರಾಠಿಯಲ್ಲಿ ಇವನೇ ವೇತಾಳ! ನಾವು ಎರಡನ್ನೂ ಓದಿ ಬೆಳೆದವರು. ಹಾಗಾಗಿ ಬೆಂಗಳೂರಿನ ಹುಡುಗರಿಗೆ ಹೊಳೆಯದ ವಾದವೊಂದು ನಮ್ಮ ಕಡೆ ಹುಟ್ಟಿತು.

ವೇತಾಳ ಎಂದರೆ ಯಾರು? ಚಂದಮಾಮದಲ್ಲಿ ವಿಕ್ರಮರಾಜನ ಹೆಗಲೇರಿ ಬರುತ್ತಿದ್ದ ಬೇತಾಳ. ಮಹಾರಾಷ್ಟ್ರ, ಕೊಂಕಣಗಳ ಹಳ್ಳಿಗಳಲ್ಲಿ ಊರ ಗಡಿ ಕಾಯುವ ದೇವರು. ಇವನೂ ಕಾಡು ಕಾಯುತ್ತಾನೆ. ಬೇತಾಳನಿಗೆ ಸಾವಿಲ್ಲ, ಇವನಿಗೂ ಇಲ್ಲ. ಬೇತಾಳನ ಮನೆ ಸ್ಮಶಾನ, ಇವನ ಮನೆ ತಲೆಬುರುಡೆಯ ಆಕಾರದ ಗುಹೆ. ಒಳಗೆ ಇವನ ಹಿರಿಯರ ಗೋರಿಗಳು ಸಾಲಾಗಿವೆ. ವಿಕ್ರಮ ಕೊನೆಗೆ ಬೇತಾಳನಿಗೆ ಮೋಕ್ಷ ಕೊಟ್ಟ ಮೇಲೆ ಅವನು ಹಡಗು ಹತ್ತಿ ಬೇರೆ ದೇಶಕ್ಕೆ ಹೋಗಿ ಫ್ಯಾಂಟಮ್ ಆದ ಎಂದು ನಮ್ಮ ಕಾಲದಲ್ಲಿ ಒಬ್ಬ ಗೆಳೆಯ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಎದೆ ತಟ್ಟಿ ಹೇಳುತ್ತಿದ್ದ.

ಈ ಸಲ ಆ ವಾದವನ್ನು ಮಕ್ಕಳ ಮುಂದಿಟ್ಟೆ. ಅಣ್ಣನ ಮಗಳು ಏಳನೆಯ ತರಗತಿ. ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. "ಕಾಕಾ, ವೇತಾಳ ಅಂತ ಹೆಸರಿಟ್ಟಾವ್ರು ಮರಾಠಿಗೆ ಮಾಡಿದಾವ್ರು. ಬರದಾಂವ ಇಟ್ಟಿಲ್ಲಲ್ಲ?"

ಸರಿಯಾದ ಮಾತು. ಅನುವಾದಕರು ಇಟ್ಟ ಹೆಸರಿನ ಮೇಲೆ ಮೂಲ ಕಥೆಯ ವಂಶಾವಳಿ ಕಟ್ಟಲು ಬರುವುದಿಲ್ಲ. ಆದರೆ ಆ ಅನುವಾದಕರ ಜಾಣತನಕ್ಕೆ ತಲೆದೂಗಲೇಬೇಕು. ಹೊರಗಿನವನೊಬ್ಬನಿಗೆ ಒಂದೇ ಹೆಸರಿನಲ್ಲಿ ನಮ್ಮೂರ ಪಡಸಾಲೆಯಲ್ಲಿ ಜಾಗ ಮಾಡಿಕೊಟ್ಟರು.

ಮೂರು ಮನೆಗಳ ನೋಟ್‌ಬುಕ್

ಅವತ್ತಿನಿಂದ ಒಂದು ನೋಟ್‌ಬುಕ್ ಶುರುವಾಯಿತು. ಪುಟಕ್ಕೆ ಎರಡು ಗೆರೆ ಎಳೆದು ಮೂರು ಮನೆ ಮಾಡಿದೆವು. ಮೊದಲನೆಯದಕ್ಕೆ 'ಕಂಡದ್ದು', ಎರಡನೆಯದಕ್ಕೆ 'ಕೇಳಿದ್ದು', ಮೂರನೆಯದಕ್ಕೆ 'ಊಹೆ' ಎಂದು ಹೆಸರು. ಚಿತ್ರದಲ್ಲಿ ಕಣ್ಣಾರೆ ಕಂಡರೆ ಮೊದಲ ಮನೆಗೆ. ಕಥೆಯಲ್ಲಿ ಯಾರಾದರೂ ಬಾಯಿಮಾತಿನಲ್ಲಿ ಹೇಳಿದ್ದರೆ ಎರಡನೆಯದಕ್ಕೆ, ಏಕೆಂದರೆ ಹೇಳುವವನು ಸುಳ್ಳೂ ಹೇಳಿರಬಹುದು. ನಮ್ಮ ತಲೆಯಿಂದ ಬಂದದ್ದೆಲ್ಲ ಮೂರನೆಯದಕ್ಕೆ.

'ಫ್ಯಾಂಟಮ್ ಬಲಗೈಯಲ್ಲಿ ತಲೆಬುರುಡೆಯ ಉಂಗುರ ಹಾಕುತ್ತಾನೆ' ಎಂಬುದು ಕಂಡದ್ದು. 'ಅವನ ಮುಖ ನೋಡಿದವರು ಸಾಯುತ್ತಾರೆ' ಎಂಬುದು ಕಾಡಿನವರು ಹೇಳುವ ಮಾತು, ಆದ್ದರಿಂದ ಕೇಳಿದ್ದು. 'ಮುಖದ ಮೇಲೆ ದೊಡ್ಡ ಗಾಯ ಇರಬೇಕು, ಅದಕ್ಕೇ ಮುಚ್ಚಿಕೊಳ್ಳುತ್ತಾನೆ' ಎಂಬುದು ಊಹೆ. ಈ ಪಾಠಕ್ಕೆ ಮಾಸ್ತರರೇ ಬೇಕಿಲ್ಲ. ಮೂರನೆಯ ಮನೆಯಲ್ಲಿರುವುದನ್ನು ಮೊದಲನೆಯದಕ್ಕೆ ಎಳೆದು ತರಲು ಸಾಕ್ಷಿ ಹುಡುಕುತ್ತ ಮಕ್ಕಳು ಒಂದೇ ಸಂಚಿಕೆಯನ್ನು ನಾಲ್ಕು ಸಲ ಓದಿದರು. ಪಾಠದ ಪುಸ್ತಕವನ್ನು ಇಷ್ಟು ಸಲ ಓದಿದ್ದನ್ನು ನಾನು ನೋಡಿಲ್ಲ.

ಶ್ರೀಮಂತನ ಮಗ ಜಿಮ್ಮಿ ವೆಲ್ಸ್

ಜಗತ್ತಿನ ಅಭಿಮಾನಿಗಳಿಗೆ ಬಹಳ ಇಷ್ಟವಾದ ವಾದವೊಂದಿದೆ. ಅದಕ್ಕೆ ಬಲವಾದ ಸಾಕ್ಷಿಯೂ ಇದೆ.

1936ರ ಮೊದಲ ಕಥೆಯಲ್ಲಿ ನ್ಯೂಯಾರ್ಕಿನ ಜಿಮ್ಮಿ ವೆಲ್ಸ್ ಎಂಬ ಸಿರಿವಂತ ಯುವಕ ಬರುತ್ತಾನೆ. ಡಯಾನಾಳ ಗೆಳೆಯ, ಸೋಮಾರಿಯಂತೆ ಕಾಣುವವ. ಇವನೇ ರಾತ್ರಿ ಹೊತ್ತು ಮುಖವಾಡ ತೊಡುವ ಫ್ಯಾಂಟಮ್ ಎಂದು ತೋರಿಸುವ ಆಲೋಚನೆ ಲೇಖಕ ಲೀ ಫಾಕ್‌ಗೆ ಮೊದಲಿಗೆ ಇತ್ತು. ಆದರೆ ಆ ಗುಟ್ಟು ಬಿಚ್ಚುವ ಮೊದಲೇ, ಕಥೆ ಅರ್ಧದಲ್ಲಿರುವಾಗಲೇ ಅವರು ಮನಸ್ಸು ಬದಲಿಸಿದರು. ನಾಯಕನನ್ನು ಕಾಡಿಗೆ ಕಳಿಸಿ 400 ವರ್ಷದ ವಂಶದ ಕಥೆ ಕಟ್ಟಿದರು. ಜಿಮ್ಮಿ ವೆಲ್ಸ್ ಎತ್ತಲೋ ಮಾಯವಾದ.

ಯೋಚಿಸಿ ನೋಡಿ. ಹಗಲು ಶ್ರೀಮಂತ ಸೋಮಾರಿ, ರಾತ್ರಿ ಮುಖವಾಡದ ವೀರ ಎಂದರೆ ಇವತ್ತು ಎಲ್ಲರಿಗೂ ನೆನಪಾಗುವವನು ಬ್ಯಾಟ್‌ಮ್ಯಾನ್. ಅವನು ಬಂದದ್ದು 1939ರಲ್ಲಿ. ಫಾಕ್ ಮನಸ್ಸು ಬದಲಿಸದಿದ್ದರೆ ನಮ್ಮ ಫ್ಯಾಂಟಮ್‌ಗೆ ಕಾಡೂ ಇಲ್ಲ, ಗುಹೆಯೂ ಇಲ್ಲ, ಡೆವಿಲ್ಲೂ ಇಲ್ಲ!

ಬರೆದವರಿಗೂ ಒಂದು ಮುಖವಾಡವಿತ್ತೆನ್ನಿ. ಲೀ ಫಾಕ್ ಹುಟ್ಟಿದಾಗಿನ ಹೆಸರು ಲಿಯಾನ್ ಹ್ಯಾರಿಸನ್ ಗ್ರಾಸ್. ಹುಟ್ಟಿದ್ದು 1911ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಮಾಂತ್ರಿಕ ಮ್ಯಾಂಡ್ರೇಕ್‌ನನ್ನು 1934ರಲ್ಲಿ ಸೃಷ್ಟಿಸಿದವರೂ ಇವರೇ. ವೃತ್ತಿಯ ಆರಂಭದಲ್ಲಿ ತಮ್ಮ ಪರಿಚಯ ಬರೆದುಕೊಡುವಾಗ ತಾವು ಜಗತ್ತು ಸುತ್ತಿದವರು, ಪೂರ್ವದೇಶಗಳ ಯೋಗಿಗಳ ಬಳಿ ಕಲಿತವರು ಎಂದು ಬರೆದುಕೊಂಡರು. ನಿಜವೆಂದರೆ ಮ್ಯಾಂಡ್ರೇಕ್ ಚಿತ್ರಕಥೆ ಹಿಡಿದು ನ್ಯೂಯಾರ್ಕಿಗೆ ಹೋದದ್ದೇ ಅಲ್ಲಿಯವರೆಗಿನ ಅವರ ಅತಿ ದೂರದ ಪ್ರಯಾಣ! ನಾಯಕನ ಪೂರ್ವಕಥೆ ಕಟ್ಟುವ ಮೊದಲು ತಮ್ಮದನ್ನೇ ಕಟ್ಟಿಕೊಂಡಿದ್ದರು. ಆ ಮೇಲೆ ಅವರು ನಿಜವಾಗಿಯೂ ದೇಶ ಸುತ್ತಿದರು. 1999ರಲ್ಲಿ ತೀರಿಕೊಳ್ಳುವವರೆಗೂ ಫ್ಯಾಂಟಮ್ ಬರೆದರು.

ಬಿಳಿ ಕಣ್ಣು, ನೇರಳೆ ಅಂಗಿ

ಫ್ಯಾಂಟಮ್‌ನ ಮುಖವಾಡದೊಳಗೆ ಕಣ್ಣುಗುಡ್ಡೆ ಕಾಣುವುದಿಲ್ಲ. ಬರೀ ಬಿಳಿ. ಅವನು ಕುರುಡ, ಡೆವಿಲ್ ಅವನಿಗೆ ದಾರಿ ತೋರಿಸುತ್ತದೆ ಎಂದು ನಮ್ಮ ದಂಡಿನ ಅತಿ ಚಿಕ್ಕ ಸದಸ್ಯನ ವಾದ. ಹಾಗಿದ್ದರೆ ಗುರಿ ತಪ್ಪದೆ ಪಿಸ್ತೂಲು ಹೊಡೆಯುವುದು ಹೇಗೆ ಎಂದು ಉಳಿದವರು ಕೇಳಿದರು. 'ವಾಸನೀ ಹಿಡದು' ಎಂದ. ಮೂರನೆಯ ಮನೆಯಲ್ಲಿ ಬರೆದುಕೊಂಡೆವು.

ನಿಜ ಕಾರಣ ಇಷ್ಟು: ಹಳೆಯ ಗ್ರೀಕ್ ಶಿಲ್ಪಗಳ ಕಣ್ಣಿನಲ್ಲಿ ಗುಡ್ಡೆ ಇಲ್ಲದಿರುವುದನ್ನು ನೋಡಿ ಫಾಕ್‌ಗೆ ಈ ಯೋಚನೆ ಬಂತು. ಕಣ್ಣುಗುಡ್ಡೆ ಇಲ್ಲದ ಮುಖದಲ್ಲಿ ಭಯ ಹುಟ್ಟಿಸುವ ಗಾಂಭೀರ್ಯ ಇರುತ್ತದೆ ಎಂದು ಅವರ ಎಣಿಕೆ. ಆಮೇಲೆ ಬಂದ ಎಷ್ಟೋ ಮುಖವಾಡದ ವೀರರು ಈ ಬಿಳಿ ಕಣ್ಣನ್ನೇ ತೊಟ್ಟರು.

ಅಂಗಿಯ ಬಣ್ಣದ ಕಥೆ ಇನ್ನೂ ಸ್ವಾರಸ್ಯ. ದಿನಪತ್ರಿಕೆಯಲ್ಲಿ ಕಪ್ಪುಬಿಳುಪಿನಲ್ಲಿ ಬರುತ್ತಿದ್ದಾಗ ಫಾಕ್ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ಅಚ್ಚುಮನೆಯವರು ನೇರಳೆ ಹಾಕಿಬಿಟ್ಟರು. ಅದೇ ಉಳಿಯಿತು. ಇಟಲಿಯಲ್ಲಿ ಅವನು ಕೆಂಪು, ಸ್ವೀಡನ್‌ನಲ್ಲಿ ನೀಲಿ! ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಫ್ಯಾಂಟಮ್‌ಗಳಿದ್ದಾರೆ ಎಂದು ಯಾರಾದರೂ ವಾದ ಮಾಡಿದರೆ ತಪ್ಪು ಅವರದಲ್ಲ, ಅಚ್ಚುಮನೆಗಳದು.

ಇಂಥದ್ದೇ ಇನ್ನೊಂದು ಮಾತು. ಇಂದ್ರಜಾಲ ಕಾಮಿಕ್ಸ್ ಸಂಗ್ರಹಿಸುವವರಿಗೆ 123 ಮತ್ತು 124ನೆಯ ಸಂಚಿಕೆಗಳು ಸಿಗುವುದೇ ಇಲ್ಲ. ಅವುಗಳಲ್ಲಿ ಏನೋ ಮಹಾ ಗುಟ್ಟಿತ್ತು ಎಂದು ಊಹಿಸಲು ಎಷ್ಟು ಹೊತ್ತು ಬೇಕು? ಆದರೆ ಮುಷ್ಕರದಿಂದಾಗಿ ಅವು ಅಚ್ಚೇ ಆಗಲಿಲ್ಲ. ಖಾಲಿ ಜಾಗ ಕಂಡಲ್ಲಿ ಕಥೆ ತಾನಾಗಿ ಬೆಳೆಯುತ್ತದೆ.

ಇದಕ್ಕೆ ತಿರುಗಿಸಿದ ಉದಾಹರಣೆ ಬಹಾದ್ದೂರ್. ಅಬೀದ್ ಸುರ್ತಿ ಅವರು ಸೃಷ್ಟಿಸಿದ ಈ ಭಾರತೀಯ ನಾಯಕ 1976ರ ಡಿಸೆಂಬರ್‌ನಲ್ಲಿ ಇಂದ್ರಜಾಲಕ್ಕೆ ಬಂದ. ಅವನ ತಂದೆ ಡಕಾಯಿತ, ತಂದೆ ಸತ್ತದ್ದು ಪೊಲೀಸರ ಕೈಯಲ್ಲಿ, ಆ ಪೊಲೀಸ್ ಅಧಿಕಾರಿಯೇ ಮಗುವನ್ನು ಸಾಕಿದ. ಇದೆಲ್ಲ ಮೊದಲೇ ಹೇಳಿಬಿಟ್ಟರು. ಎದೆ ಕಲಕುವ ಕಥೆಯೇ. ಆದರೆ ಬಹಾದ್ದೂರನ ಪೂರ್ವಕಥೆಯ ಬಗ್ಗೆ ನಮ್ಮ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಂದು ದಿನವೂ ಜಗಳವಾಗಲಿಲ್ಲ. ಜಗಳಕ್ಕೆ ಜಾಗವೇ ಇರಲಿಲ್ಲ.

ಹುಲಿ ಕೊಟ್ಟ ಸುಳಿವು

ನೋಟ್‌ಬುಕ್ಕಿನ ದೊಡ್ಡ ತನಿಖೆ ಒಂದು ಹುಲಿಯಿಂದ ಶುರುವಾಯಿತು.

ಫ್ಯಾಂಟಮ್ ಇರುವ ದೇಶಕ್ಕೆ ಇಂದ್ರಜಾಲದಲ್ಲಿ ಡೆಂಕಾಲಿ ಎಂದು ಹೆಸರು. ಅಲ್ಲಿ ಕುಳ್ಳ ಜನ, ಸಿಂಹಗಳು, ಡಾಕ್ಟರ್ ಲುವಾಗ ಎಂಬ ಅಧ್ಯಕ್ಷ. ನೋಡಿದರೆ ಆಫ್ರಿಕಾ. ಆದರೆ ಫ್ಯಾಂಟಮ್‌ನ ಈಡನ್ ದ್ವೀಪದಲ್ಲಿ ಸಿಂಹದ ಜೊತೆ ಹುಲಿಯೂ ಮೀನು ತಿಂದುಕೊಂಡು ಸಾಧುವಾಗಿ ಬದುಕುತ್ತದೆ.

"ಕಾಕಾ, ಆಫ್ರಿಕಾದಾಗ ಹುಲಿ ಎಲ್ಲಿಂದ ಬಂತು? ನಮ್ಮ ಟೀಚರ್ ಹೇಳ್ಯಾರ, ಹುಲಿ ಏಷ್ಯಾದಾಗ ಅಷ್ಟ ಅದಾವಂತ."

"ಮತ್ತ ಬಾಂಡಾರ್ ಅಂದ್ರ? ಹಿಂದ್ಯಾಗ ಬಂದರ್ ಅಂದ್ರ ಮಂಗ್ಯಾ ಅಲ್ಲೇನು?"

ಇಬ್ಬರೂ ಬೇರೆ ಬೇರೆ ದಾರಿಯಿಂದ ಒಂದೇ ಬಾಗಿಲಿಗೆ ಬಂದು ನಿಂತಿದ್ದರು. ಅವರ ಸಂಶಯ ಸರಿ. ಮೊದಲ ವರ್ಷಗಳಲ್ಲಿ ಫ್ಯಾಂಟಮ್‌ನ ಕಾಡು ಇದ್ದದ್ದು ಏಷ್ಯಾದ ಕಡೆ. ದೇಶದ ಹೆಸರು ಬೆಂಗಾಲಿ, ಬೆಂಗಲ್ಲಾ ಎಂದಿತ್ತು. ಮುಂದೆ, 1960ರ ದಶಕದ ಹೊತ್ತಿಗೆ, ಅದೇ ಕಾಡು ಆಫ್ರಿಕಾದ ತೀರಕ್ಕೆ ಸರಿಯಿತು. ಕಾಡು ಸರಿದರೂ ಹುಲಿ ಹಿಂದೆ ಉಳಿಯಲಿಲ್ಲ, ಜೊತೆಗೇ ಹೋಯಿತು! ಫಾಕ್ ತಮ್ಮ ಮೇಲೆ ಪ್ರಭಾವ ಬೀರಿದ ಕಥೆಗಳಲ್ಲಿ ಟಾರ್ಜಾನ್ ಜೊತೆಗೆ ಕಿಪ್ಲಿಂಗ್‌ನ ಮೋಗ್ಲಿಯನ್ನೂ ಹೆಸರಿಸಿದ್ದಾರೆ. ಮೋಗ್ಲಿಯ ಕಾಡು ನಮ್ಮ ಮಧ್ಯಪ್ರದೇಶದ ಸಿವನಿ. ಅಲ್ಲಿಯ ಮಂಗಗಳಿಗೆ ಕಿಪ್ಲಿಂಗ್ ಕೊಟ್ಟ ಹೆಸರು 'ಬಂದರ್ ಲೋಗ್'. ಬಾಂಡಾರ್ ಎಂಬ ಹೆಸರು ಅಲ್ಲಿಂದ ಬಂದಿರಬಹುದೇ? ಮಕ್ಕಳು ಹೌದೆಂದು ಕುಣಿದರು. ಅದನ್ನೂ ಊಹೆಯ ಮನೆಯಲ್ಲೇ ಬರೆಸಿದೆ. ಎಷ್ಟೇ ಚೆಂದ ಕೂಡಿಬಂದರೂ ಸಾಕ್ಷಿ ಸಿಗುವವರೆಗೆ ಊಹೆ ಊಹೆಯೇ.

ಹೆಸರು ಬದಲಾದ ಕಳ್ಳರು

ಹಾಗಾದರೆ ಬೆಂಗಾಲಿ ಎಂಬುದು ನಮಗೆ ಡೆಂಕಾಲಿ ಆದದ್ದು ಹೇಗೆ? ಇಂದ್ರಜಾಲದ ಸಂಪಾದಕರು ಬದಲಿಸಿದರು. ಭಾರತದಲ್ಲಿ ಬಂಗಾಳಿ ಎಂಬ ಭಾಷೆಯಿದೆ, ಜನರಿದ್ದಾರೆ. ಕಾಲ್ಪನಿಕ ಕಾಡಿಗೆ ಅದೇ ಹೆಸರಿಟ್ಟರೆ ಗೊಂದಲ. ಇದು ಚಿಕ್ಕ ಬದಲಾವಣೆ. ಇದಕ್ಕಿಂತ ದೊಡ್ಡದು ಇನ್ನೆರಡಿವೆ.

ಮೊದಲ ಫ್ಯಾಂಟಮ್‌ನ ತಂದೆಯನ್ನು ಕೊಂದ ಕಡಲ್ಗಳ್ಳರ ಕೂಟಕ್ಕೆ ಮೂಲದಲ್ಲಿದ್ದ ಹೆಸರು 'ಸಿಂಗ್'. ನಾವು ಓದಿದ್ದು 'ಸಿಂಗಾ'. 20ನೆಯ ಫ್ಯಾಂಟಮ್‌ನನ್ನು, ಅಂದರೆ ನಮ್ಮವನ ತಂದೆಯನ್ನು ಕೊಂದವನ ಹೆಸರು ಮೂಲದಲ್ಲಿ 'ರಾಮ'. ನಾವು ಓದಿದ್ದು 'ರಾಮಲು'. ನಮ್ಮ ಜನರ ಹೆಸರನ್ನು ಕೊಲೆಗಾರರಿಗೆ ಇಟ್ಟದ್ದು ಇಲ್ಲಿಯ ಓದುಗರಿಗೆ ಚುಚ್ಚದಿರಲಿ ಎಂದು ಸಂಪಾದಕರು ಒಂದೊಂದು ಅಕ್ಷರ ತಿರುಚಿದರು.

ಇದನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು ಒಂದು ಸಂಜೆಯೆಲ್ಲ ಯೋಚಿಸಿದೆ. ಅಷ್ಟು ಪ್ರೀತಿಯಿಂದ ಓದುತ್ತಿದ್ದಾರೆ. ಒಂದು ಮಾತಿನಿಂದ ರುಚಿ ಕೆಡಬಾರದು. ಆದರೆ ಮೂರು ಮನೆ ಎಳೆಸಿದವನು ನಾನೇ. ಕಂಡದ್ದನ್ನು ಬಚ್ಚಿಟ್ಟರೆ ಆ ಗೆರೆಗಳಿಗೆ ಅರ್ಥವಿಲ್ಲ. ಹೇಳಿದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಣ್ಣನ ಮಗಳು ಕೇಳಿದಳು: "ಕಳ್ಳರು ನಮ್ಮಾವ್ರು, ಮಂಗ್ಯಾನ ಹೆಸರಿನಾವ್ರು ಕಾಡಿನಾವ್ರು. ಕಾಯಾಂವ ಅಷ್ಟ ಬಿಳಿ ಮನಷ್ಯಾ. ಯಾಕ ಕಾಕಾ? ತಮ್ಮ ಕಾಡು ತಾವ ಯಾಕ ಕಾಯಲಿಲ್ಲ ಅವ್ರು?"

ಫ್ಯಾಂಟಮ್ ಶುರುವಾದ 1936ರಲ್ಲಿ ನಮ್ಮ ದೇಶ ಬ್ರಿಟಿಷರ ಕೈಯಲ್ಲಿತ್ತು. ಆಫ್ರಿಕಾದ ಬಹುಪಾಲು, ಏಷ್ಯಾದ ಹಲವು ದೇಶಗಳು ಯುರೋಪಿನವರ ಕೈಯಲ್ಲಿದ್ದವು. ಆ ಕಾಲದ ಅಮೆರಿಕದ ಪತ್ರಿಕೆ ಓದುವವರಿಗೆ, ಕಾಡಿನ ಜನರನ್ನು ಹೊರಗಿನ ಬಿಳಿಯನೊಬ್ಬ ಬಂದು ಕಾಯುತ್ತಾನೆ ಎಂಬುದು ವಿಚಿತ್ರ ಎನಿಸುತ್ತಿರಲಿಲ್ಲ. ಟಾರ್ಜಾನ್ ಕಥೆಯೂ ಅದೇ. ಫ್ಯಾಂಟಮ್‌ನ ನಿಜವಾದ ಗುಪ್ತ ಚರಿತ್ರೆ ಮುಖವಾಡದ ಹಿಂದೆ ಇಲ್ಲ, ಅವನು ಹುಟ್ಟಿದ ಕಾಲದಲ್ಲಿದೆ.

ಇಷ್ಟೇ ಹೇಳಿ ನಿಲ್ಲಿಸಿದರೆ ಅದೂ ಅರ್ಧ ಸತ್ಯ. ಕಾಲ ಬದಲಾದಂತೆ ಫಾಕ್ ಕಥೆಯನ್ನೂ ಬದಲಿಸುತ್ತ ಹೋದರು. ಆಫ್ರಿಕಾದ ದೇಶಗಳು ಸ್ವತಂತ್ರವಾದ ಕಾಲಕ್ಕೆ ಫ್ಯಾಂಟಮ್‌ನ ದೇಶಕ್ಕೂ ಜನರೇ ಆರಿಸಿದ ಅಧ್ಯಕ್ಷ ಲುವಾಗ ಬಂದರು. ಇನ್ನೊಂದು ಮಾತು: ಮೊದಲ ಫ್ಯಾಂಟಮ್‌ನನ್ನು ದಡದಿಂದ ಎತ್ತಿ ಬದುಕಿಸಿದವರು ಬಾಂಡಾರರು. 400 ವರ್ಷ ಅವನ ಗುಟ್ಟನ್ನು ಕಾದವರೂ ಅವರೇ. ಈ ಮಾತು ಹೇಳಿದಾಗ ಪಕ್ಕದ ಮನೆಯ ಹುಡುಗ ಹೊಸ ವಾದ ಹೂಡಿದ: "ಹಂಗಾದ್ರ ಕಾಡು ಕಾಯಾವ್ರು ಬಾಂಡಾರ್ ಮಂದಿನ. ಫ್ಯಾಂಟಮ್ ಅವ್ರು ಮಾಡಿದ ಬೆದರಬೊಂಬಿ. ಹೊಲದಾಗ ನಿಂದ್ರಸ್ತೀವಲ್ಲ, ಹಂಗ!"

ಅವರ ಮುಖಂಡ ಗುರನ್ ಎಲ್ಲ ತಿಳಿದೂ ನಗುತ್ತಿರುವ ಚಿತ್ರಗಳನ್ನು ಅವನು ಸಾಕ್ಷಿಗೆ ತಂದ. ಹಲವು ವರ್ಷಗಳಲ್ಲಿ ನಾನು ಕೇಳಿದ ಫ್ಯಾಂಟಮ್ ವಾದಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ಗುಟ್ಟು ಬಿಟ್ಟುಕೊಡದವರು

ಹೀಗೆ ಓದುಗರನ್ನು ಕಾಡಿದವನು ಫ್ಯಾಂಟಮ್ ಒಬ್ಬನೇ ಅಲ್ಲ. ಉಕ್ಕಿನ ಉಗುರುಗಳ ವೊಲ್ವರಿನ್ 1974ರಲ್ಲಿ ಬಂದ. ತಾನು ಯಾರೆಂದು ಅವನಿಗೇ ನೆನಪಿರಲಿಲ್ಲ. ಓದುಗರು ಸುಮಾರು 27 ವರ್ಷ ಊಹೆ ಮಾಡಿದ ಮೇಲೆ, 2001ರಲ್ಲಿ ಅವನ ಬಾಲ್ಯದ ಕಥೆ ಹೊರಬಂತು. 1952ರಲ್ಲಿ ಬಂದ 'ಫ್ಯಾಂಟಮ್ ಸ್ಟ್ರೇಂಜರ್' ಎಂಬ ಇನ್ನೊಬ್ಬ ನಿಗೂಢನ ವಿಷಯದಲ್ಲಿ ಪ್ರಕಾಶಕರು ಇನ್ನೂ ತಮಾಷೆ ಮಾಡಿದರು. 1987ರಲ್ಲಿ ಒಂದೇ ಸಂಚಿಕೆಯಲ್ಲಿ ನಾಲ್ಕು ಬೇರೆ ಬೇರೆ ಪೂರ್ವಕಥೆಗಳನ್ನು ಅಚ್ಚು ಹಾಕಿ, ಯಾವುದು ನಿಜ ಎಂದು ಹೇಳದೆ ಬಿಟ್ಟರು! ನಮ್ಮ ದಂಡಿಗೆ ಇದು ಬಹಳ ಹಿಡಿಸಿತು. ನಾಲ್ಕು ಕಥೆ ಇದ್ದರೆ ನಾಲ್ಕು ಜನ ಜಗಳವಾಡಬಹುದು.

ಅಕಿ ಯಾಕಾಗಬಾರದು?

ಈ ರಜೆಯ ಕೊನೆಯ ವಾದ ಅಣ್ಣನ ಮಗಳದು. 20 ಫ್ಯಾಂಟಮ್‌ಗಳೂ ಗಂಡಸರೇ ಇದ್ದರೆ? ಯಾರಿಗೂ ಹೆಣ್ಣುಮಗಳು ಹುಟ್ಟಲಿಲ್ಲವೆ? ಹುಟ್ಟಿದ್ದರೆ ನಡುವೆ ಒಬ್ಬಳಾದರೂ ಮುಖವಾಡ ಹಾಕಿರಲೇಬೇಕು, ಅದನ್ನು ಮುಚ್ಚಿಟ್ಟಿದ್ದಾರೆ ಎಂದು ಅವಳ ಗುಮಾನಿ. ಊಹೆಯ ಮನೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಳು.

ಆ ಗೆರೆ ದಾಟಿಸುವ ಭಾಗ್ಯ ನನ್ನದಾಯಿತು. 17ನೆಯ ಫ್ಯಾಂಟಮ್‌ಗೆ ಜೂಲಿ ಎಂಬ ಅವಳಿ ಸೋದರಿ ಇದ್ದಳು. ಅವನು ಗಾಯಗೊಂಡು ಮಲಗಿದಾಗ ಅದೇ ವೇಷ ತೊಟ್ಟು ಕಾಡು ಕಾದವಳು ಅವಳೇ. ಇದು ಲೀ ಫಾಕ್ ಅವರೇ ಬರೆದ ಕಥೆ, ಯಾರ ಊಹೆಯೂ ಅಲ್ಲ. ಹೇಳಿ ಮುಗಿಸುವ ಮೊದಲೇ ಹುಡುಗಿ ನೋಟ್‌ಬುಕ್ ಎಳೆದುಕೊಂಡು, ಊಹೆಯ ಮನೆಯಲ್ಲಿದ್ದ ಸಾಲಿಗೆ ಬಾಣದ ಗುರುತು ಹಾಕಿ 'ಕಂಡದ್ದು' ಎಂಬ ಮನೆಗೆ ಒಯ್ದಳು. ಹುಡುಗರ ಕಡೆ ಒಮ್ಮೆ ನೋಡಿದಳು. ಆ ನೋಟಕ್ಕೆ ಅನುವಾದ ಬೇಕಾಗಲಿಲ್ಲ.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಹಳೆಯ ಸಂಚಿಕೆಗಳಿರಬಹುದು. ಕೊನೆಯ ಪುಟ ಹರಿದಿದ್ದರೂ ಬಿಸಾಡಬೇಡಿ. ಹರಿದ ಪುಟದಲ್ಲಿ ಏನಿತ್ತೆಂದು ಮಕ್ಕಳು ಹೇಳುತ್ತಾರೆ. ಅದು ಯಾವ ಮನೆಗೆ ಸೇರಬೇಕೆಂದು ಮಾತ್ರ ಅವರನ್ನೇ ಕೇಳಿ. ನಮ್ಮ ನೋಟ್‌ಬುಕ್ಕಿನಲ್ಲಿ ಸದ್ಯಕ್ಕೆ ಉಳಿದಿರುವ ಪ್ರಶ್ನೆ ಒಂದು. ಇಪ್ಪತ್ತೊಂದನೆಯವನ ನಂತರ ಗುಹೆಯ ಸಿಂಹಾಸನದ ಮೇಲೆ ಕೂರುವವರು ಮಗ ಕಿಟ್ ಆಗುತ್ತಾನೋ, ಮಗಳು ಹೆಲೊಯಿಸ್ ಆಗುತ್ತಾಳೋ? ಐಗಳಿಯಲ್ಲಿ ಕೈ ಎತ್ತಿಸಿ ಮತ ಹಾಕಿಸಿದೆವು. ಹೆಲೊಯಿಸ್‌ಗೆ ನಾಲ್ಕು, ಕಿಟ್‌ಗೆ ಮೂರು. ಡೆವಿಲ್‌ಗೆ ಒಂದು. ಅದು ನಮ್ಮ ಅತಿ ಚಿಕ್ಕ ಸದಸ್ಯನ ಮತ.